ಮೆತ್ತನೆಯ ಸೀಟು ಹಾಕಿಸಿದರೆ ಬೈಕ್ ಸವಾರಿಯ ನೋವು ಹೋಗುತ್ತಾ?

“ಜೆಲ್ ಸೀಟು ಹಾಕಿಸಿ, ಎಷ್ಟು ದೂರ ಓಡಿಸಿದರೂ ಸೊಂಟ ನೋಯಲ್ಲ, ಉಷ್ಣ ಆಗಲ್ಲ, ಮೂಲವ್ಯಾಧಿ ಬರಲ್ಲ” ಎಂಬ ಧಾಟಿಯ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಸಿರಿಗೆರೆಯಿಂದ ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ದಾಟಿ ಬೆಂಗಳೂರಿಗೆ ಬೈಕಿನಲ್ಲೇ ಹೋಗುವವರು 200 ಕಿ.ಮೀ.ಗಿಂತ ಹೆಚ್ಚು ದೂರ ಕೂತೇ ಇರಬೇಕು. ಅಂಥವರಿಗೆ ಈ ಮಾತು ಆಸೆ ಹುಟ್ಟಿಸುವುದು ಸಹಜ. ಹಾಗಾದರೆ ಇದು ನಿಜವೇ?

ಸ್ವಲ್ಪ ಮಾತ್ರ ನಿಜ. ಒಳ್ಳೆಯ ಸೀಟಿನಿಂದ ನೋವು ಕಡಿಮೆಯಾಗಬಹುದು. ಆದರೆ ಮೆತ್ತಗಿದ್ದಷ್ಟೂ ಒಳ್ಳೆಯದು ಎನ್ನುವುದು ತಪ್ಪು.

ಗಟ್ಟಿ ಹಲಗೆಯ ಮೇಲೆ ಕೂತು ಅಂಗೈಗಳನ್ನು ಅಡಿಗಿಟ್ಟುಕೊಳ್ಳಿ. ಎರಡು ಮೂಳೆಗಳು ಕೈಗೆ ಸಿಗುತ್ತವೆ. ಕೂತಾಗ ಮೈಭಾರ ಹೆಚ್ಚಾಗಿ ಬೀಳುವುದು ಇವುಗಳ ಮೇಲೆ. ಅಲ್ಲಿನ ಚರ್ಮ, ಸ್ನಾಯು ಬಹಳ ಹೊತ್ತು ಅದುಮಿಕೊಂಡರೆ ರಕ್ತಸಂಚಾರ ತಗ್ಗಿ ನೋವು, ಜೋಮು ಶುರುವಾಗುತ್ತದೆ. ಕುರ್ಚಿಯಲ್ಲಾದರೆ ನಮಗೇ ಗೊತ್ತಿಲ್ಲದೆ ಆಚೀಚೆ ಸರಿಯುತ್ತಿರುತ್ತೇವೆ, ಬೈಕಿನಲ್ಲಿ ಅದಕ್ಕೆ ಜಾಗ ಕಡಿಮೆ.

ಅಂಗಡಿಯಲ್ಲಿ ಐದು ನಿಮಿಷ ಕೂತಾಗ ಮೆದು ಫೋಮ್ ಹಾಯೆನಿಸುತ್ತದೆ. ಗಂಟೆ ಕಳೆದರೆ ಅದು ಪೂರ್ತಿ ಅಮುಕಿ ಹೋಗಿ, ಮೂಳೆ ಕೆಳಗಿನ ಗಟ್ಟಿ ತಳಕ್ಕೇ ತಾಗಿದ ಹಾಗಾಗುತ್ತದೆ. ಅದರ ಬದಲು ಕೊಂಚ ಬಿಗಿಯಾದ, ಸಾಂದ್ರತೆ ಹೆಚ್ಚಿರುವ ಫೋಮ್, ಕೂರುವ ಕಡೆ ಅಗಲವಾದ ಸೀಟು ಇದ್ದರೆ ಭಾರ ಹಂಚಿಹೋಗುತ್ತದೆ. ಕುಲುಕಾಟದ ವಿಷಯವೂ ಇದೆ. ಎಂಜಿನ್ನಿನ ಸಣ್ಣ ನಡುಕವನ್ನು ಫೋಮ್ ನುಂಗುತ್ತದೆ. ಆದರೆ ಸೆಕೆಂಡಿಗೆ ಸುಮಾರು 4 ಬಾರಿ ಮೇಲೆ ಕೆಳಗೆ ಆಗುವ ಕುಲುಕನ್ನು ಸಾಮಾನ್ಯ ಫೋಮ್ ಸೀಟು ತಗ್ಗಿಸುವ ಬದಲು ಹೆಚ್ಚಿಸುತ್ತದೆ. ಮನುಷ್ಯನ ದೇಹಕ್ಕೆ ಹೆಚ್ಚು ತ್ರಾಸ ಕೊಡುವುದೂ ಸೆಕೆಂಡಿಗೆ 4ರಿಂದ 8 ಬಾರಿಯ ಕಂಪನವೇ. ಸಸ್ಪೆನ್ಷನ್ ಕೆಟ್ಟಿದ್ದರೆ ಮೊದಲು ದುಡ್ಡು ಹಾಕಬೇಕಾದದ್ದು ಅಲ್ಲಿ.

ಜೆಲ್ ಪ್ಯಾಡು ಒತ್ತಡವನ್ನು ಹರಡುವುದು ಹೌದು, ಆದರೆ ಬಿಸಿಲಿಗೆ ಒಮ್ಮೆ ಕಾದರೆ ಬೇಗ ತಣಿಯುವುದಿಲ್ಲ. ಗಾಳಿ ತುಂಬುವ ಗುಳ್ಳೆಗಳಿರುವ ಪ್ಯಾಡುಗಳು ವೀಲ್‌ಚೇರಿನಲ್ಲಿ ಕೂರುವವರಿಗೆ ಒತ್ತಡದ ಹುಣ್ಣು ಆಗದಿರಲೆಂದು ಬಳಸುವ ಕುಶನ್ನುಗಳ ಮಾದರಿಯವು. ಇವಕ್ಕೆ ಗಾಳಿ ಕಡಿಮೆ ತುಂಬಬೇಕು. ಬಿಗಿಯಾಗಿ ತುಂಬಿದರೆ ಚೆಂಡಿನ ಮೇಲೆ ಕೂತಂತೆ!

ಉಷ್ಣ, ಮೂಲವ್ಯಾಧಿ?

ಸಂದೇಶದಲ್ಲಿ ನಿಜಕ್ಕೂ ಅಪಾಯದ ಭಾಗ ಇದು. ಸೀಟು ಕಾದರೆ ಮೂಲವ್ಯಾಧಿ ಹುಟ್ಟುವುದಿಲ್ಲ. ಗುದದ್ವಾರದ ರಕ್ತನಾಳಗಳು ಊದಿಕೊಳ್ಳುವುದೇ ಮೂಲವ್ಯಾಧಿ. ಮಲಬದ್ಧತೆ, ಮುಕ್ಕಿ ಮುಕ್ಕಿ ಮಲ ವಿಸರ್ಜಿಸುವುದು, ಶೌಚಾಲಯದಲ್ಲಿ ಬಹಳ ಹೊತ್ತು ಕೂರುವುದು, ಗರ್ಭಾವಸ್ಥೆ ಇದಕ್ಕೆ ಗೊತ್ತಿರುವ ಕಾರಣಗಳು. ದಾರಿಯಲ್ಲಿ ಎಲ್ಲಿ ನಿಲ್ಲಿಸುವುದೆಂದು ನೀರೇ ಕುಡಿಯದೆ ಹೋಗುವ ಅಭ್ಯಾಸ ಮಲಬದ್ಧತೆಗೆ ದಾರಿ ಮಾಡಬಹುದು, ಆದರೆ ಅದು ಸೀಟಿನ ತಪ್ಪಲ್ಲ. ಮೂಲವ್ಯಾಧಿ ಈಗಾಗಲೇ ಇರುವವರಿಗೆ ಕೂತಾಗ ನೋವು ಹೆಚ್ಚಾಗಬಹುದು.

ಮಲದಲ್ಲಿ ರಕ್ತ ಕಂಡರೆ “ಬೈಕ್ ಓಡಿಸಿ ಉಷ್ಣ ಆಗಿದೆ” ಎಂದು ಸೀಟು ಬದಲಿಸಿ ಸುಮ್ಮನಿರಬೇಡಿ. ಕರುಳಿನ ಕ್ಯಾನ್ಸರಿಗೂ ಅದೇ ಲಕ್ಷಣ ಇರಬಹುದು, ವೈದ್ಯರಿಗೆ ತೋರಿಸಿ. ಜನನಾಂಗದ ಸುತ್ತ ಜೋಮು ಹಿಡಿದು ಇಳಿದ ಮೇಲೂ ಹೋಗದಿದ್ದರೆ ಆಗಲೂ ಅಷ್ಟೇ.

ಹಾಕಿಸುವ ಮುಂಚೆ

ಸ್ಪ್ಲೆಂಡರ್ ಪ್ಲಸ್ ಸೀಟಿನ ಎತ್ತರ 785 ಮಿ.ಮೀ. ಅದರ ಮೇಲೆ ಎರಡು ಇಂಚು ಫೋಮ್ ಏರಿಸಿದರೆ ಸುಮಾರು 835. ಗಿಡ್ಡಗಿರುವವರಿಗೆ ಕಾಲು ಊರುವುದೇ ಕಷ್ಟ. ಕುಶನ್ ಕೆಲಸದವರಿಗೆ “ದಪ್ಪ ಮಾಡಿ” ಎನ್ನುವ ಬದಲು “ಹಿಂದೆ ಅಗಲ ಮಾಡಿ, ಮುಂದಕ್ಕೆ ಜಾರದಂತೆ ಸಮ ಮಾಡಿ” ಎಂದು ಹೇಳಿ. ಕೆಲಸ ಮುಗಿದ ಮೇಲೆ ಊರೊಳಗೆ ಒಂದು ಸುತ್ತು ಹಾಕಿದರೆ ಏನೂ ಗೊತ್ತಾಗದು, ಚಿತ್ರದುರ್ಗಕ್ಕಾದರೂ ಹೋಗಿಬಂದು ನೋಡಿ. ಸೀಟು ಎಂಥದ್ದೇ ಇರಲಿ, ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಿರಿ.

ಬೆಲ್ಟಿನಿಂದ ಕಟ್ಟುವ ಪ್ಯಾಡು ಬ್ರೇಕ್ ಹಾಕಿದಾಗ ಸರಿಯಬಾರದು. ಹಿಂದೆ ಸೀರೆಯುಟ್ಟು ಒಂದೇ ಬದಿಗೆ ಕೂರುವವರಿದ್ದರೆ ಇದನ್ನು ಇನ್ನೂ ಗಟ್ಟಿಯಾಗಿ ಪರೀಕ್ಷಿಸಿ. ಹೊಸ ಸೀಟಿಗಾಗಿ ಹಿಂಬದಿಯ ಹಿಡಿಕೆ ತೆಗೆಸಬೇಡಿ, ಕೇಂದ್ರ ಮೋಟಾರು ವಾಹನ ನಿಯಮ 123ರ ಪ್ರಕಾರ ಹಿಂಬದಿ ಸವಾರರಿಗೆ ಹಿಡಿಕೆ ಇರಲೇಬೇಕು.