ದಂಡಿನ ಬಂಗಲೆಯ ಓದು



ಯುದ್ಧಕ್ಕೆ ಹೊರಡುವ ಸೈನಿಕನಿಗೆ ಬಂದೂಕು, ಬೂಟು, ಕಂಬಳಿ ಇವನ್ನೆಲ್ಲ ಸರ್ಕಾರ ಕೊಡುತ್ತದೆ. ತಲೆಯೊಳಗಿನ ಸಿದ್ಧತೆಯನ್ನು ಮಾತ್ರ ಅವನೇ ಮಾಡಿಕೊಳ್ಳಬೇಕು. ಅಂಥದೊಂದು ಸಿದ್ಧತೆ ನಮ್ಮ ಹೊಸೂರಿಗೆ ಸುಮಾರು 40 ಕಿಲೋಮೀಟರ್ ದೂರದ ಬೆಂಗಳೂರು ದಂಡಿನಲ್ಲಿ 1896-97ರಲ್ಲಿ ನಡೆಯಿತು. ಹಾಗೆ ಸಿದ್ಧನಾದವನು ವಿನ್‌ಸ್ಟನ್ ಚರ್ಚಿಲ್. ಮುಂದೆ ಇಂಗ್ಲೆಂಡಿನ ಪ್ರಧಾನಿಯಾದವನು, ನಮ್ಮ ಸ್ವಾತಂತ್ರ್ಯಕ್ಕೆ ಕೊನೆಯವರೆಗೂ ಅಡ್ಡ ನಿಂತವನು, ಅದೇ ಚರ್ಚಿಲ್.

1896ರ ಅಕ್ಟೋಬರ್‌ನಲ್ಲಿ 4ನೇ ಹುಸಾರ್ಸ್ ಎಂಬ ಕುದುರೆ ಪಡೆಯ ಜೊತೆ ಆತ ಬೊಂಬಾಯಿಗೆ ಬಂದಿಳಿದ. ವಯಸ್ಸು 21. ಇಳಿಯುವಾಗಲೇ ಒಂದು ಪೆಟ್ಟು. ಸಸೂನ್ ಡಾಕಿನಲ್ಲಿ ದೋಣಿಯಿಂದ ಮೇಲೇರಲು ಗೋಡೆಯ ಬಳೆ ಹಿಡಿದ, ಅಲೆಗೆ ದೋಣಿ ಜಾರಿತು, ಬಲಭುಜ ಕೀಲು ತಪ್ಪಿತು. ಆ ಭುಜ ಜೀವಮಾನವಿಡೀ ಕಾಡಿತು. ಎರಡು ವರ್ಷದ ಮೇಲೆ ಸೂಡಾನಿನ ಯುದ್ಧದಲ್ಲಿ ಕತ್ತಿ ಬಿಟ್ಟು ಪಿಸ್ತೂಲು ಹಿಡಿದದ್ದು ಇದೇ ಕಾರಣಕ್ಕೆ.

ಬೆಂಗಳೂರಿನಲ್ಲಿ ಇಬ್ಬರು ಗೆಳೆಯರೊಡನೆ ಒಂದು ಬಂಗಲೆ, ಗುಲಾಬಿ ತೋಟ, ಆಳುಕಾಳು. ಬೆಳಿಗ್ಗೆ ಆರಕ್ಕೆ ಕವಾಯತು, ಆಮೇಲೆ ಕುದುರೆ ಲಾಯ ಮತ್ತು ಕಚೇರಿ ಕೆಲಸ. ಹತ್ತೂವರೆಗೆ ಎಲ್ಲ ಮುಗಿಯುತ್ತಿತ್ತು. ಸಂಜೆ ಐದಕ್ಕೆ ಪೋಲೋ ಆಟ. ನಡುವಿನ ಬಿಸಿಲು ಹೊತ್ತನ್ನು ಉಳಿದ ಅಧಿಕಾರಿಗಳು ನಿದ್ದೆಯಲ್ಲೋ ಇಸ್ಪೀಟಿನಲ್ಲೋ ಕಳೆಯುತ್ತಿದ್ದರು.

ಚರ್ಚಿಲ್‌ಗೆ ಒಂದು ಕೊರಗಿತ್ತು. ಶಾಲೆಯಲ್ಲಿ ಹಿಂದುಳಿದವನು. ಸೈನಿಕ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ ಮೂರನೇ ಸಲ ಪಾಸಾದವನು. ಕಾಲೇಜಿನ ಮೆಟ್ಟಿಲು ತುಳಿದವನಲ್ಲ. ‘ನೀತಿಶಾಸ್ತ್ರ’ ಎಂಬ ಮಾತು ಯಾರೋ ಆಡಿದರೆ ಹಾಗೆಂದರೇನೆಂದು ಗೊತ್ತಿಲ್ಲ, ಕೇಳೋಣವೆಂದರೆ ದಂಡಿನಲ್ಲಿ ಹೇಳುವವರೂ ಇಲ್ಲ. ನಾನೂ ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದವನು, ಆ ಕೊರಗು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಲಂಡನ್ನಿನಲ್ಲಿದ್ದ ತಾಯಿಗೆ ಪತ್ರ ಬರೆದ. ಆಕೆ ಪುಸ್ತಕಗಳನ್ನು ಹಡಗಿನಲ್ಲಿ ಕಳಿಸತೊಡಗಿದಳು. ನವೆಂಬರ್‌ನಿಂದ ಮೇ ತಿಂಗಳವರೆಗೆ ದಿನಕ್ಕೆ ನಾಲ್ಕೈದು ಗಂಟೆ ಓದು. ಮೊದಲು ರೋಮ್ ಸಾಮ್ರಾಜ್ಯದ ಪತನದ ಬಗ್ಗೆ ಗಿಬ್ಬನ್ ಬರೆದ ಎಂಟು ಸಂಪುಟ, ಆಮೇಲೆ ಮೆಕಾಲೆಯ ಹನ್ನೆರಡು. ಜೊತೆಗೆ ಪ್ಲೇಟೋ, ಡಾರ್ವಿನ್, ಮಾಲ್ಥಸ್. ಆತ ಪಾರ್ಲಿಮೆಂಟಿನ ಹಳೆಯ ಚರ್ಚೆಗಳನ್ನು ಓದಿದ ಕ್ರಮ ಕೇಳುವಂಥದು. ವಿಷಯ ಇಂಥದ್ದೆಂದು ತಿಳಿದ ಮೇಲೆ ಪುಸ್ತಕ ಮುಚ್ಚಿ, ತಾನು ಅಲ್ಲಿದ್ದಿದ್ದರೆ ಏನು ಹೇಳುತ್ತಿದ್ದೆ ಎಂದು ಕಾಗದದ ಮೇಲೆ ಬರೆಯುವುದು. ಆಮೇಲೆ ಚರ್ಚೆ ಓದಿ, ತನ್ನ ಅಭಿಪ್ರಾಯ ನಿಲ್ಲುತ್ತದೋ ಬೀಳುತ್ತದೋ ನೋಡುವುದು. ಮೇಷ್ಟರಿಲ್ಲದ ಓದಿಗೆ ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ.

ಹಣದ ವಿಷಯಕ್ಕೆ ಬಂದರೆ ಈ ಶಿಸ್ತು ಕಾಣುವುದಿಲ್ಲ. ದಿನಕ್ಕೆ 14 ಶಿಲಿಂಗ್ ಸಂಬಳ, ಮನೆಯಿಂದ ವರ್ಷಕ್ಕೆ 500 ಪೌಂಡ್. ಅಷ್ಟೂ ಸಾಲದೆ ಇಲ್ಲಿನ ಸಾಹುಕಾರರ ಹತ್ತಿರ ಭಾರಿ ಬಡ್ಡಿಗೆ ಸಾಲ. ಬೆಂಗಳೂರಿನ ಯುನೈಟೆಡ್ ಸರ್ವಿಸ್ ಕ್ಲಬ್ಬಿನ (ಈಗಿನ ಬೆಂಗಳೂರು ಕ್ಲಬ್) 1899ರ ಲೆಕ್ಕದ ಪುಸ್ತಕದಲ್ಲಿ, ವಸೂಲಾಗದ ಬಾಕಿ ಎಂದು ವಜಾ ಮಾಡಿದ ಹೆಸರುಗಳಲ್ಲಿ ಚರ್ಚಿಲ್ ಹೆಸರೂ ಇದೆ, ಎದುರಿಗೆ 13 ರೂಪಾಯಿ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನ್ನ ಕಣ್ಣು ಗಿಬ್ಬನ್ನನಿಗಿಂತ ಮೊದಲು ಆ 13 ರೂಪಾಯಿಯ ಮೇಲೆ ಬಿದ್ದರೆ ತಾವು ಮನ್ನಿಸಬೇಕು.

ಇಷ್ಟೆಲ್ಲ ಓದಿದವನು ಒಂದನ್ನು ಮಾತ್ರ ಬೇಕೆಂದೇ ಬಿಟ್ಟ. ಹಿಂದೂಸ್ತಾನಿ ಕಲಿಯುವುದಿಲ್ಲ, ಅದು ಅನಾವಶ್ಯಕ, ಇಲ್ಲಿನವರಿಗೆಲ್ಲ ಇಂಗ್ಲಿಷ್ ಬರುತ್ತದೆ ಎಂದು ತಾಯಿಗೆ ಬರೆದುಬಿಟ್ಟ. ಇನ್ನು ಕನ್ನಡದ ಮಾತೆಲ್ಲಿ ಬಂತು! ಆಗ ಮಂಗಳೂರಿನಲ್ಲಿ ಕಿಟ್ಟೆಲ್ಲರ ಕನ್ನಡ ನಿಘಂಟು ಅಚ್ಚಾಗಿ ಎರಡು ವರ್ಷವಾಗಿತ್ತು. ಅದೇ ಬೆಂಗಳೂರಿನಲ್ಲಿ ಬಿ. ಎಲ್. ರೈಸ್ ನಮ್ಮ ಶಾಸನಗಳನ್ನು ಒಂದೊಂದಾಗಿ ಓದಿ ಅಚ್ಚು ಹಾಕಿಸುತ್ತಿದ್ದರು. ಭಾರತೀಯ ಪಲ್ಟನ್‌ಗಳ ಇಂಗ್ಲಿಷ್ ಅಧಿಕಾರಿಗಳಿಗೆ ಹಿಂದೂಸ್ತಾನಿ ಪರೀಕ್ಷೆ ಕಡ್ಡಾಯ. ಚರ್ಚಿಲ್‌ನದು ಬರೀ ಇಂಗ್ಲಿಷರ ಪಡೆ, ಯಾರೂ ಒತ್ತಾಯಿಸಲಿಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ತಾಲೂಕು ಕಚೇರಿಯಲ್ಲಿ ತಮಿಳು ಎಂದು ಬದುಕುವ ನಮಗೆ ಇದು ವಿಚಿತ್ರವಾಗಿ ಕಾಣುತ್ತದೆ. ಇಲ್ಲಿ ಎಮ್ಮೆ ಮಾರುವವನಿಗೂ ಮೂರು ಭಾಷೆ ಬೇಕು.

1897ರ ಬೇಸಿಗೆಯಲ್ಲಿ ವಾಯವ್ಯ ಗಡಿಯ ಪಠಾಣರು ದಂಗೆಯೆದ್ದರು. ಚರ್ಚಿಲ್ ರಜೆಯ ಮೇಲೆ ಇಂಗ್ಲೆಂಡಿನಲ್ಲಿದ್ದ. ಗಡಿಯಲ್ಲಿ ಮತ್ತೆ ದಂಡಯಾತ್ರೆ ನಡೆಸುವಾಗ ನಿನ್ನನ್ನು ಕರೆದುಕೊಳ್ಳುತ್ತೇನೆ ಎಂದು ಜನರಲ್ ಬಿಂಡನ್ ಬ್ಲಡ್ ಹಿಂದೆ ಮಾತು ಕೊಟ್ಟಿದ್ದ. ಅದನ್ನೇ ಹಿಡಿದು ತಂತಿ ಹೊಡೆದು ಬೆಂಗಳೂರಿಗೆ ಓಡಿಬಂದ. ಕರ್ನಲ್‌ನ ಅಪ್ಪಣೆ ಸಿಕ್ಕಿತು. ನೌಶೇರಾಕ್ಕೆ ಟಿಕೆಟ್ ಕೊಳ್ಳುವಾಗ ದೂರ ಎಷ್ಟೆಂದು ಕೇಳಿದರೆ 2,028 ಮೈಲಿ. ಬಿಸಿಲಲ್ಲಿ ಐದು ದಿನದ ರೈಲು. ಹೋದದ್ದು ಪತ್ರಿಕೆಗಳ ವರದಿಗಾರನಾಗಿ. ಲಂಡನ್ನಿನ ಡೈಲಿ ಟೆಲಿಗ್ರಾಫ್ ಒಂದು ಕಾಲಮ್ಮಿಗೆ ಐದು ಪೌಂಡ್ ಕೊಟ್ಟಿತು. ಸತ್ತ ಅಧಿಕಾರಿಗಳ ಸಾಮಾನನ್ನು ಅಲ್ಲಿ ಹರಾಜು ಹಾಕುವ ಪದ್ಧತಿಯಿತ್ತು. ಬೇಕಾದ ಉಡುಪು, ಸಾಮಾನುಗಳನ್ನು ಆತ ಆ ಹರಾಜಿನಲ್ಲೇ ಕೊಂಡ.

ಸೆಪ್ಟೆಂಬರ್ 16ರಂದು ಮಾಮುಂದ್ ಕಣಿವೆಯಲ್ಲಿ ಘೋರ ಕಾಳಗವಾಯಿತು. ಅಧಿಕಾರಿಗಳ ಕೊರತೆಯಿಂದ ಚರ್ಚಿಲ್‌ನನ್ನು 31ನೇ ಪಂಜಾಬ್ ಪದಾತಿ ದಳಕ್ಕೆ ಹಾಕಿದರು. ಸಿಪಾಯಿಗಳು ಪಂಜಾಬಿನವರು. ಗುಂಡು ಹಾರುವ ಜಾಗದಲ್ಲಿ ಅವರೊಡನೆ ಮಾತಾಡಲು ಆತನಿಗೆ ಗೊತ್ತಿದ್ದದ್ದು ಮೂರೇ ಮಾತು: ‘ಮಾರೋ’, ‘ಚಲೋ’, ಮತ್ತೆ ನರಿ ಬೇಟೆಯಲ್ಲಿ ಇಂಗ್ಲಿಷರು ಕೂಗುವ ‘ಟ್ಯಾಲಿ ಹೋ’. ಉಳಿದದ್ದೆಲ್ಲ ಕೈಸನ್ನೆ, ಕಣ್ಸನ್ನೆ. ಆ ಸಿಪಾಯಿಗಳ ಮೇಲೆ ತನಗೆ ಅಭಿಮಾನ ಬೆಳೆಯಿತು, ಆದರೆ ಅವರ ಮನಸ್ಸನ್ನು ಹೆಚ್ಚಾಗಿ ಹೊಗಲು ಆಗಲಿಲ್ಲ ಎಂದು 1930ರಲ್ಲಿ ಹೊರಬಂದ ಆತ್ಮಕಥೆಯಲ್ಲಿ ಆತನೇ ಹೇಳಿಕೊಂಡಿದ್ದಾನೆ.

ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ಮರಳಿ, ಅದೇ ಮಧ್ಯಾಹ್ನದ ಹೊತ್ತಿನಲ್ಲಿ ಕೂತು ಆ ದಂಡಯಾತ್ರೆಯ ಚರಿತ್ರೆ ಬರೆದ. 1898ರ ಮಾರ್ಚ್‌ನಲ್ಲಿ ಅದು ಲಂಡನ್ನಿನಲ್ಲಿ ಪ್ರಕಟವಾಯಿತು, ಆತನ ಮೊದಲ ಪುಸ್ತಕ. 1953ರಲ್ಲಿ ಆತನಿಗೆ ಸಾಹಿತ್ಯದ ನೊಬೆಲ್ ಪ್ರಶಸ್ತಿ ಬಂತು. ಆ 31ನೇ ದಳದ ಸಿಪಾಯಿಗಳು ತಮ್ಮ ಈ ಹೊಸ ಸಾಹೇಬನ ಬಗ್ಗೆ ತಮ್ಮ ಭಾಷೆಯಲ್ಲಿ ಏನು ಮಾತಾಡಿಕೊಂಡರೋ, ಪಕ್ಕದಲ್ಲೇ ನಿಂತಿದ್ದರೂ ಆತನಿಗೆ ತಿಳಿಯುವಂತಿರಲಿಲ್ಲ.