ನಾಲೆ ಏರಿಯ ಸೈಕಲ್ಲು

ಮಂಡ್ಯ, ಮದ್ದೂರು, ಮಳವಳ್ಳಿ ಎಂಬ ಮೂರು ಪಟ್ಟಣಗಳ ನಡುವಿನ ನಾಡು ವಿಸ್ತಾರದಲ್ಲಿ ದೊಡ್ಡದಲ್ಲ. ಮಂಡ್ಯದಿಂದ ಮದ್ದೂರಿಗೆ ಸುಮಾರು 20 ಕಿಲೋಮೀಟರ್, ಮದ್ದೂರಿನಿಂದ ಮಳವಳ್ಳಿಗೆ ಸುಮಾರು 25 ಕಿಲೋಮೀಟರ್; ಮೊದಲ ಎರಡು ಊರುಗಳಿಗೆ 1880ರ ದಶಕದ ಆರಂಭದಲ್ಲಿಯೇ ಬೆಂಗಳೂರು–ಮೈಸೂರು ರೈಲು ಬಂದಿತಾದರೂ ಮಳವಳ್ಳಿ ಇಂದಿಗೂ ರೈಲು ಕಂಡಿಲ್ಲ. ಆದರೆ ಈ ಸೀಮೆಯ ಜನರಿಗೆ ಸಾರಿಗೆಯ ನಿತ್ಯದ ತೊಡಕು ಪಟ್ಟಣದಿಂದ ಪಟ್ಟಣಕ್ಕೆ ಹೋಗುವುದರಲ್ಲಿ ಇರಲಿಲ್ಲ. ಬಸ್ಸು ನಿಲ್ಲುವ ‘ಗೇಟಿ’ನಿಂದ, ಅಂದರೆ ಮುಖ್ಯರಸ್ತೆಯಿಂದ ಊರಿನ ದಾರಿ ಕವಲೊಡೆಯುವ ಜಾಗದಿಂದ, ಹಳ್ಳಿಗೆ ಇರುವ ಎರಡು ಮೂರು ಮೈಲಿ, ಹಳ್ಳಿಯಿಂದ ಗದ್ದೆಗೆ, ಗದ್ದೆಯಿಂದ ಡೈರಿಗೆ, ಸಂತೆಗೆ ಇರುವ ಅಷ್ಟಷ್ಟೇ ದೂರ, ನಡೆದರೆ ಹೊತ್ತು ಹೋಗುವ, ಗಾಡಿ ಕಟ್ಟಿದರೆ ದುಬಾರಿಯೆನಿಸುವ ಈ ನಡುವಿನ ದೂರವನ್ನು ಕಳೆದ ಶತಮಾನದ ಬಹುಭಾಗ ಆಳಿದ್ದು ಸೈಕಲ್ಲು. ವಿದ್ಯುತ್ ಸೈಕಲ್ಲನ್ನು, ಅಂದರೆ ಪೆಡಲ್ ತುಳಿಯುವ ಕಾಲಿಗೆ ಬ್ಯಾಟರಿಯಿಂದ ನಡೆಯುವ ಪುಟ್ಟ ಮೋಟಾರು ನೆರವಾಗುವ ಸೈಕಲ್ಲನ್ನು, ನಗರದ ಹೊಸ ಷೋಕಿಯೆಂದು ನೋಡುವುದು ವಾಡಿಕೆಯಾಗಿದೆ. ಈ ಸೀಮೆಯ ಮಟ್ಟಿಗಾದರೂ ಅದನ್ನು ಆ ಹಳೆಯ ದುಡಿಮೆಯ ವಾಹನದ ವಾರಸುದಾರನೆಂದು ನೋಡಿದಾಗಲೇ ಅದರ ಗುಣವೂ ಕೊರತೆಯೂ ನಿಚ್ಚಳವಾಗಿ ಕಾಣುತ್ತವೆ.

ಸೈಕಲ್ಲು ಹಳ್ಳಿಗಳಿಗೆ ಬರುವುದಕ್ಕೆ ಮೊದಲೇ ಇಲ್ಲಿ ವಿದ್ಯುತ್ತು ಹುಟ್ಟಿತ್ತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಯೋಜನೆಯಂತೆ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಟ್ಟಿದ ಜಲವಿದ್ಯುತ್ ಕೇಂದ್ರವು 1902ರಲ್ಲಿ ಕೆಲಸ ಆರಂಭಿಸಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಸಾಗಿಸಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಅದೇ ವಿದ್ಯುತ್ತಿನಿಂದ ಬೆಳಗಿದವು. ಜನರೇಟರುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು, ನೀರಿನ ರಭಸಕ್ಕೆ ತಿರುಗುವ ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯವು. ರೈಲುಹಳಿಯಿಂದ ದೂರವಿದ್ದ ಆ ಕಣಿವೆಗೆ ಅವುಗಳ ಭಾರಿ ಭಾಗಗಳನ್ನು ತಲುಪಿಸಲು ಆನೆಗಳನ್ನೂ ಗಾಡಿಗಳನ್ನೂ ಬಳಸಬೇಕಾಯಿತು. ಹೀಗೆ ದೂರದ ಗಣಿಗೆ ಬಲ ಕೊಟ್ಟ ತಂತಿಯ ಕೆಳಗಿನ ಹಳ್ಳಿಗಳಲ್ಲಿ ಮುಂದೆ ದಶಕಗಳ ಕಾಲ ಸೀಮೆಎಣ್ಣೆ ಬುಡ್ಡಿಯೇ ಉರಿಯುತ್ತಿತ್ತು ಎಂಬುದನ್ನು ಮೈಸೂರು ಸಂಸ್ಥಾನದ ಪ್ರಗತಿಯ ವರ್ಣನೆಗಳಲ್ಲಿ ಹುಡುಕಿ ಓದಬೇಕಾಗುತ್ತದೆ.

ಬೇಸಿಗೆಯಲ್ಲಿ ಕಾವೇರಿ ಸೊರಗಿದಾಗ ಶಿವನಸಮುದ್ರದ ಯಂತ್ರಗಳಿಗೆ ನೀರು ಸಾಲದೆ ಹೋಗುತ್ತಿದ್ದುದು, 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟೆಯ ನಿರ್ಮಾಣಕ್ಕೆ ಇದ್ದ ಮುಖ್ಯ ಕಾರಣಗಳಲ್ಲಿ ಒಂದು. ವೈಸ್‌ರಾಯ್ ಇರ್ವಿನ್ ಹೆಸರಿನಲ್ಲಿ ತೋಡಿಸಿ, ಬಳಿಕ ವಿಶ್ವೇಶ್ವರಯ್ಯನವರ ಹೆಸರು ಪಡೆದ ನಾಲೆಯು ಆ ಅಣೆಕಟ್ಟೆಯ ನೀರನ್ನು ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಲಕ್ಷಕ್ಕೂ ಹೆಚ್ಚು ಎಕರೆಗೆ ಹರಿಸಿತು. ರಾಗಿ, ಹುರುಳಿ ಬೆಳೆಯುತ್ತಿದ್ದ ನೆಲಕ್ಕೆ ಕಬ್ಬು, ಭತ್ತ ಬಂದವು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ, ಜನರ ಬಾಯಲ್ಲಿ ‘ಮೈಷುಗರ್’, ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಸೈಕಲ್ಲಿನ ಕಥೆ ಈ ಬದಲಾವಣೆಗೆ ಎರಡು ಕಡೆಯಿಂದ ಅಂಟಿಕೊಂಡಿದೆ. ಕಬ್ಬಿನ ಬಟವಾಡೆಯಿಂದ ರೈತನ ಕೈಗೆ ವರ್ಷಕ್ಕೊಮ್ಮೆ ಒಟ್ಟಾಗಿ ಹಣ ಬರತೊಡಗಿದ್ದರಿಂದ ಸೈಕಲ್ಲಿನಂಥ ವಸ್ತುವನ್ನು ಕೊಳ್ಳುವುದು ಸಾಧ್ಯವಾಯಿತು. ಅದಕ್ಕಿಂತ ಮುಖ್ಯವಾಗಿ, ನೀರಾವರಿ ಇಲಾಖೆಯ ಸಿಬ್ಬಂದಿ ಓಡಾಡಲೆಂದು ಬಿಟ್ಟ ನಾಲೆಯ ಏರಿ, ಅಂದರೆ ತೋಡಿದ ಮಣ್ಣನ್ನು ಪಕ್ಕದಲ್ಲಿ ಪೇರಿಸಿ ಮಟ್ಟ ಮಾಡಿದ ದಂಡೆ, ಸೈಕಲ್ಲಿಗೆ ತಾನಾಗಿಯೇ ಒದಗಿದ ರಸ್ತೆಯಾಯಿತು. ನೀರು ತನ್ನ ಪಾಡಿಗೆ ಹರಿಯಬೇಕಾದರೆ ನಾಲೆಯ ಇಳಿಜಾರು ಬಹಳ ಸಣ್ಣದಾಗಿರಬೇಕಾದ್ದರಿಂದ ಅದರ ಏರಿಯೂ ಹೆಚ್ಚುಕಡಿಮೆ ಮಟ್ಟಸವಾಗಿಯೇ ಇರುತ್ತದೆ. ಎಂಜಿನಿಯರುಗಳು ನೀರಿಗಾಗಿ ಹುಡುಕಿದ ದಾರಿ ಸೈಕಲ್ ತುಳಿಯುವವನಿಗೂ ಅತಿ ಕಡಿಮೆ ಶ್ರಮದ ದಾರಿಯಾದುದು ಯಾರೂ ಯೋಜಿಸದ ಲಾಭ.

1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ರೂಪಿಸಿದ ‘ರೋವರ್’ ಮಾದರಿ, ಅಂದರೆ ಹೆಚ್ಚುಕಡಿಮೆ ಸಮನಾದ ಎರಡು ಚಕ್ರಗಳೂ ಹಿಂಚಕ್ರವನ್ನು ತಿರುಗಿಸುವ ಚೈನೂ ಇರುವ ಸೈಕಲ್ಲು, ಇಂದಿನ ಸೈಕಲ್ಲುಗಳೆಲ್ಲದರ ಮೂಲ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟಯರನ್ನು ತಂದ ಮೇಲೆ ಅದು ಕಲ್ಲುಮಣ್ಣಿನ ರಸ್ತೆಗೂ ಒಗ್ಗಿತು. ಸ್ವಾತಂತ್ರ್ಯಕ್ಕೆ ಮೊದಲು ಬಹುತೇಕ ಸೈಕಲ್ಲುಗಳು ಇಂಗ್ಲೆಂಡಿನಿಂದ ಹಡಗೇರಿ ಬರುತ್ತಿದ್ದು, ಅಧಿಕಾರಿ, ಶಾನುಭೋಗ, ಮೇಷ್ಟ್ರುಗಳಂಥವರ ಸೊತ್ತಾಗಿದ್ದವು. ಮದ್ರಾಸಿನ ಟಿ.ಐ. ಸೈಕಲ್ಸ್, ಆಸನ್ಸೋಲಿನ ಸೆನ್–ರ‍್ಯಾಲಿ, ಸೋನಿಪತ್ತಿನ ಅಟ್ಲಾಸ್ ಕಾರ್ಖಾನೆಗಳು 1950ರ ಆಸುಪಾಸಿನಲ್ಲಿಯೂ ಲೂಧಿಯಾನದ ಹೀರೊ 1956ರಲ್ಲಿಯೂ ತಯಾರಿಕೆ ಆರಂಭಿಸಿದ ಮೇಲೆ ಅದು ರೈತನ ಜಗಲಿಗೆ ಬಂತು. ಮದುವೆಯ ವರೋಪಚಾರದಲ್ಲಿ ವಾಚು, ರೇಡಿಯೊಗಳ ಜೊತೆ ಸೈಕಲ್ಲಿನ ಹೆಸರೂ ಕೇಳತೊಡಗಿತು. ಕೊಳ್ಳಲಾಗದವರಿಗೆ ಸೈಕಲ್ ಶಾಪಿನಲ್ಲಿ ಗಂಟೆಯ ಲೆಕ್ಕದ ಬಾಡಿಗೆ ಸೈಕಲ್ಲು ಸಿಗುತ್ತಿತ್ತು. ಸೀಟಿಗೆ ಎಟುಕದ ಹುಡುಗರು ಚೌಕಟ್ಟಿನ ಒಳಗಿನಿಂದ ಕಾಲು ತೂರಿಸಿ ‘ಒಳಪೆಡಲ್’ ಹೊಡೆಯುತ್ತ ಕಲಿತದ್ದು ಇಂಥ ಬಾಡಿಗೆ ಸೈಕಲ್ಲಿನ ಮೇಲೆಯೇ. ಪುರಸಭೆಗಳು ಸೈಕಲ್ಲಿಗೂ ತೆರಿಗೆ ವಿಧಿಸಿ ಲೋಹದ ಬಿಲ್ಲೆ ಕೊಡುತ್ತಿದ್ದವು. ರಾತ್ರಿ ದೀಪವಿಲ್ಲದೆ ಹೋಗುವುದೂ ಇಬ್ಬರು ಕೂರುವುದೂ ಪೊಲೀಸರ ಕಣ್ಣಿಗೆ ಅಪರಾಧಗಳಾಗಿದ್ದವು. ದೀಪದ ಈ ಕಟ್ಟಳೆಯ ದೆಸೆಯಿಂದ ಬಂದ ಡೈನಮೊ, ಅಂದರೆ ಟಯರಿಗೆ ಉಜ್ಜಿಕೊಂಡು ತಿರುಗುತ್ತ ದೀಪಕ್ಕೆ ವಿದ್ಯುತ್ತು ಒದಗಿಸುವ ಪುಟ್ಟ ಯಂತ್ರ, ಈ ಸೀಮೆಯ ಸೈಕಲ್ಲುಗಳಿಗೆ ವಿದ್ಯುತ್ತಿನೊಡನೆ ಉಂಟಾದ ಮೊದಲ ನಂಟು. ಆಗ ಕಾಲು ವಿದ್ಯುತ್ತಿಗೆ ದುಡಿಯುತ್ತಿತ್ತು, ಈಗ ವಿದ್ಯುತ್ತು ಕಾಲಿಗೆ ದುಡಿಯುತ್ತದೆ.

ಸೈಕಲ್ಲು ಇಲ್ಲಿ ಎಂದೂ ಬರಿಯ ಸವಾರಿಯ ಸಾಧನವಾಗಿರಲಿಲ್ಲ. ಅದರ ಬೆಲೆಯಿದ್ದದ್ದು ಹಿಂದಿನ ಕ್ಯಾರಿಯರಿನಲ್ಲಿ: ಎರಡು ಬದಿಗೆ ತೂಗುಬಿದ್ದ ಹಾಲಿನ ಕ್ಯಾನುಗಳು, ಹಗ್ಗದಲ್ಲಿ ಬಿಗಿದ ಹಸಿಹುಲ್ಲಿನ ಹೊರೆ, ಮದ್ದೂರಿನ ಮಾರುಕಟ್ಟೆಗೆ ಹೊರಟ ಎಳನೀರಿನ ಗೊನೆಗಳು, ರೇಷ್ಮೆಹುಳುವಿಗೆ ಬೇಕಾದ ಹಿಪ್ಪುನೇರಳೆ ಸೊಪ್ಪು, ಗೊಬ್ಬರದ ಚೀಲ. ಆದ್ದರಿಂದಲೇ ಕರಿಯ ಬಣ್ಣದ, ದಪ್ಪ ಕೊಳವೆಯ, ಎರಡು ಕಾಲಿನ ಸ್ಟ್ಯಾಂಡಿನ ಭಾರದ ಸೈಕಲ್ಲೇ ಇಲ್ಲಿ ಒಪ್ಪಿತವಾಯಿತು. ಹಗುರವಾದ ಚೆಂದದ ಮಾದರಿಗಳು ಕಾಲೇಜು ಹುಡುಗರಾಚೆಗೆ ಹೋಗಲಿಲ್ಲ. 1980ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಟಿವಿಎಸ್ 50 ಮೊಪೆಡ್ ಹೊರಬಂದಾಗ ಅದೇ ಕ್ಯಾರಿಯರಿನ ಹೊರೆ ಅದರ ಮೇಲೇರಿತು. ಮೊಪೆಡ್ಡೆಂದರೆ ಪೆಡಲೂ ಇರುವ, ಸಣ್ಣ ಪೆಟ್ರೋಲ್ ಎಂಜಿನ್ನೂ ಇರುವ ವಾಹನ. ಇಂದಿನ ವಿದ್ಯುತ್ ಸೈಕಲ್ಲಿನ ನಿಜವಾದ ಹಿರಿಯಣ್ಣ ಈ ಮೊಪೆಡ್ಡೇ. ಆದರೆ ಅದರಲ್ಲಿ ಪೆಡಲ್ ಎಂಜಿನ್ನನ್ನು ಚಾಲೂ ಮಾಡುವ ನೆಪಕ್ಕಷ್ಟೇ ಇತ್ತು, ಕಾಲಕ್ರಮದಲ್ಲಿ ಅದೂ ಕಳಚಿಹೋಯಿತು. ಸೈಕಲ್ಲು ಆಮೇಲೆ ಬಡವರ, ಮುದುಕರ ಮತ್ತು ಶಾಲಾ ಮಕ್ಕಳ ವಾಹನವಾಗಿ ಉಳಿಯಿತು. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ, ಬಳಿಕ ಗಂಡುಮಕ್ಕಳಿಗೂ ಉಚಿತ ಸೈಕಲ್ ಕೊಟ್ಟಾಗ ಹಳ್ಳಿಯ ರಸ್ತೆಗಳಲ್ಲಿ ಅದರ ಸಾಲು ಮತ್ತೆ ಕಂಡಿತು.

ವಿದ್ಯುತ್ ಸೈಕಲ್ಲಿನ ಕಲ್ಪನೆ ಶಿವನಸಮುದ್ರದ ಕೇಂದ್ರಕ್ಕಿಂತಲೂ ಹಳೆಯದು. 1895ರಲ್ಲಿ ಅಮೆರಿಕದ ಆಗ್ಡನ್ ಬೋಲ್ಟನ್ ಎಂಬವರು ಹಿಂಚಕ್ರದ ಹಬ್ಬಿನಲ್ಲಿ, ಅಂದರೆ ಕಡ್ಡಿಗಳೆಲ್ಲ ಬಂದು ಸೇರುವ ನಡುಭಾಗದಲ್ಲಿ, ಮೋಟಾರನ್ನು ಇರಿಸಿದ ಸೈಕಲ್ಲಿಗೆ ಪೇಟೆಂಟ್ ಪಡೆದಿದ್ದರು. ಸೀಸ ಮತ್ತು ಆಮ್ಲದ ಬ್ಯಾಟರಿಯ ತೂಕವೇ ಅದನ್ನು ನೂರು ವರ್ಷ ಮೂಲೆಗೆ ತಳ್ಳಿತು. 1991ರಲ್ಲಿ ಸೋನಿ ಕಂಪನಿ ಹಗುರವಾದ ಲಿಥಿಯಂ–ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದದ್ದು, 1993ರಲ್ಲಿ ಜಪಾನಿನ ಯಮಾಹಾ ಕಂಪನಿ ತುಳಿತದ ಬಲವನ್ನು ಅಳೆದು ಅದಕ್ಕೆ ತಕ್ಕಷ್ಟೇ ಮೋಟಾರಿನ ನೆರವು ಸೇರಿಸುವ ವ್ಯವಸ್ಥೆಯನ್ನು ಮಾರಾಟಕ್ಕಿಟ್ಟದ್ದು ಇವೆರಡೂ ಕೂಡಿ ಇಂದಿನ ರೂಪವನ್ನು ಕೊಟ್ಟವು. ಭಾರತದ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆಯಿದ್ದು, ಗಂಟೆಗೆ 25 ಕಿಲೋಮೀಟರ್ ವೇಗದ ಹೊತ್ತಿಗೆ ಅಥವಾ ಸವಾರ ತುಳಿಯುವುದನ್ನು ನಿಲ್ಲಿಸಿದಾಗ ಮೋಟಾರಿನ ನೆರವು ಕಡಿತವಾಗುವ, ಬ್ಯಾಟರಿ ಬಿಟ್ಟು 60 ಕಿಲೋಗ್ರಾಂಗಿಂತ ಹಗುರವಾದ ಸೈಕಲ್ಲು ಮೋಟಾರು ವಾಹನವೆನಿಸುವುದಿಲ್ಲ. ಅದಕ್ಕೆ ನೋಂದಣಿಯೂ ಬೇಡ, ಚಾಲನಾ ಪರವಾನಗಿಯೂ ಬೇಡ. ಒಂದು ಕಾಲದಲ್ಲಿ ಬರಿಯ ಸೈಕಲ್ಲಿಗೂ ಬಿಲ್ಲೆ ಬೇಕಿದ್ದುದನ್ನು ನೆನೆದರೆ ಇದು ಸಣ್ಣ ವಿನಾಯಿತಿಯಲ್ಲ.

ಸಾಧಾರಣ ಮೈಕಟ್ಟಿನ ಮನುಷ್ಯ ಬಹಳ ಹೊತ್ತು ತುಳಿಯುತ್ತ ಒದಗಿಸಬಲ್ಲ ಶಕ್ತಿ ನೂರು ವ್ಯಾಟ್‌ನ ಒಳಗೇ ಇರುತ್ತದೆ. ಅದರ ಮೇಲೆ ಇನ್ನೂರು ಚಿಲ್ಲರೆ ವ್ಯಾಟ್ ಸೇರಿದರೆ ಆಗುವ ವ್ಯತ್ಯಾಸ ಮಟ್ಟಸವಾದ ನಾಲೆ ಏರಿಯ ಮೇಲೆ ಅಷ್ಟಾಗಿ ತಿಳಿಯುವುದಿಲ್ಲ. ಏರಿಯಿಂದ ಊರಿಗೆ ಹತ್ತುವ ದಿಬ್ಬದಲ್ಲಿ, ಹೊರೆ ಹೇರಿದಾಗ, ಎಲ್ಲಕ್ಕಿಂತ ಹೆಚ್ಚಾಗಿ ಆಷಾಢದ ಗಾಳಿಗೆ ಎದುರಾಗಿ ಹೋಗುವಾಗ ತಿಳಿಯುತ್ತದೆ. ಕಬ್ಬಿನ ಗದ್ದೆಗಳನ್ನು ಅಡ್ಡ ಮಲಗಿಸುವ ಆ ಗಾಳಿಯಲ್ಲಿ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗುವುದೇ ಹಿಂದಿನ ಪದ್ಧತಿಯಾಗಿತ್ತು. ಈಗ ತುಳಿಯುತ್ತಲೇ, ಬೆವರದೆ, ಬದಿಯ ನೀರಿನ ಸದ್ದನ್ನೂ ಹಿಂದಿನಿಂದ ಬರುವ ಟ್ರ್ಯಾಕ್ಟರಿನ ಸದ್ದನ್ನೂ ಕೇಳಿಸಿಕೊಳ್ಳುತ್ತ ಹೋಗಬಹುದು. ಎಂಜಿನ್ನಿನ ಗದ್ದಲವಿಲ್ಲದಿರುವುದು ಸುಖದ ಮಾತು ಮಾತ್ರವಲ್ಲ, ತಡೆಗೋಡೆಯಿಲ್ಲದ ಏರಿಯ ಮೇಲೆ ಅದು ಜೀವರಕ್ಷಣೆಯ ಮಾತೂ ಹೌದು. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸೊಂದು ಇದೇ ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನರು ಸತ್ತ ಮೇಲೂ ಜಿಲ್ಲೆಯಲ್ಲಿ ವಾಹನಗಳು ನಾಲೆಗೆ ಬೀಳುವುದು ನಿಂತಿಲ್ಲ.

ಖರ್ಚಿನ ಲೆಕ್ಕ ಸರಳ. 36 ವೋಲ್ಟ್, 10 ಆಂಪಿಯರ್–ಗಂಟೆಯ ಬ್ಯಾಟರಿ ತುಂಬಲು ಬೇಕಾಗುವುದು 0.36 ಯೂನಿಟ್, ಚಾರ್ಜರಿನಲ್ಲಿ ಆಗುವ ನಷ್ಟವನ್ನು ಸೇರಿಸಿ ದಿನವೂ ಚಾರ್ಜ್ ಮಾಡಿದರೂ ತಿಂಗಳಿಗೆ 12 ಯೂನಿಟ್‌ನ ಆಸುಪಾಸು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಿಂದ ಇದೂ ಉಚಿತವೆಂದು ಭಾವಿಸುವವರಿದ್ದಾರೆ. ಆದರೆ ಆ ಯೋಜನೆ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಹೆಚ್ಚುವರಿಯನ್ನಷ್ಟೇ ಉಚಿತವಾಗಿ ಕೊಡುವುದರಿಂದ, ಕಡಿಮೆ ವಿದ್ಯುತ್ ಬಳಸುವ ಸಣ್ಣ ಮನೆಗಳಿಗೆ ಈ ಹನ್ನೆರಡು ಯೂನಿಟ್ಟೇ ಮಿತಿಯನ್ನು ದಾಟಿಸಬಹುದು. ಹಾಗೆ ದಾಟಿದರೂ ಮೊಪೆಡ್ಡಿನ ಪೆಟ್ರೋಲಿಗೆ ಹೋಲಿಸಿದರೆ ಅದು ಅಲ್ಪ ಮೊತ್ತ. ತುಳಿಯುತ್ತ ಹೋದರೆ ಇಂಥ ಬ್ಯಾಟರಿ 30ರಿಂದ 50 ಕಿಲೋಮೀಟರ್ ಬರುತ್ತದೆ. ಮಂಡ್ಯದಿಂದ ಮದ್ದೂರಿಗೆ ಹೋಗಿ ಮರಳುವುದಕ್ಕೆ ಅದು ಹೊರೆಯಿಲ್ಲದಿದ್ದರೆ ಸಾಕಾಗಬಹುದು, ಹೊರೆಯಿದ್ದರೆ ನಂಬುವಂತಿಲ್ಲ. ಬ್ಯಾಟರಿ ಮುಗಿದ ಮೇಲೆ ಇಪ್ಪತ್ತಕ್ಕೂ ಹೆಚ್ಚು ಕಿಲೋ ತೂಕದ ಸೈಕಲ್ಲನ್ನು ತುಳಿಯುವುದು ಶಿಕ್ಷೆಯೇ ಸರಿ. ಬ್ಯಾಟರಿಯನ್ನು ಕಳಚಿ ಒಳಗೆ ಒಯ್ಯುವಂತಿದ್ದರೆ ಒಳ್ಳೆಯದು, ಏಕೆಂದರೆ ಕೊಟ್ಟಿಗೆಯ ಪ್ಲಗ್ಗಿಗಿಂತ ನಡುಮನೆಯ ಪ್ಲಗ್ಗು ಒಣಗಿರುತ್ತದೆ.

ದುರಸ್ತಿಯ ವಿಷಯದಲ್ಲಿ ಹಳೆಯ ಸೈಕಲ್ ಶಾಪಿಗೂ ಹೊಸ ಯಂತ್ರಕ್ಕೂ ಇನ್ನೂ ಪೂರ್ಣ ಹೊಂದಾಣಿಕೆಯಾಗಿಲ್ಲ. ಹಬ್ಬಿನಲ್ಲಿ ಮೋಟಾರಿರುವ ಚಕ್ರವನ್ನು ಬಿಚ್ಚಬೇಕಾದರೆ ಮೊದಲು ವೈರಿನ ಜೋಡಣೆಯನ್ನು ಕಳಚಬೇಕು, ಅದರ ನಟ್ಟಿಗೆ ಮಾಮೂಲಿಗಿಂತ ದೊಡ್ಡ ಸ್ಪ್ಯಾನರ್ ಬೇಕು. ಆದರೆ ಚಕ್ರವನ್ನು ಬಿಚ್ಚದೆ, ಟಯರಿನ ಒಂದು ಅಂಚನ್ನಷ್ಟೇ ಎಬ್ಬಿಸಿ ಟ್ಯೂಬನ್ನು ಹೊರಗೆಳೆದು ಪಂಕ್ಚರ್ ಹಾಕುವ ಹಳೆಯ ಕೈಚಳಕ ಇಲ್ಲಿಯೂ ಹಾಗೆಯೇ ಉಪಯೋಗಕ್ಕೆ ಬರುತ್ತದೆ. ಸುಗ್ಗಿಯ ದಿನಗಳಲ್ಲಿ ರಸ್ತೆಯನ್ನೇ ಕಣ ಮಾಡಿಕೊಂಡು ಹರಡುವ ಹುರುಳಿಯ ಬಳ್ಳಿ ಹಬ್ಬಿಗೆ ಸುತ್ತಿಕೊಂಡು ವೈರನ್ನು ಕೀಳುವ ಅಪಾಯವನ್ನು ಯಾವ ತಯಾರಕರ ಕೈಪಿಡಿಯೂ ಊಹಿಸಿರಲಾರದು.

ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದಲ್ಲಿ ಪರಮಾಣು ಖನಿಜ ನಿರ್ದೇಶನಾಲಯವು ಲಿಥಿಯಂ ಇರುವುದನ್ನು ಗುರುತಿಸಿದಾಗ ಮಂಡ್ಯವೇ ಬ್ಯಾಟರಿಯ ತವರಾಗುವುದೆಂಬ ಮಾತು ಹಬ್ಬಿತ್ತು. ಮೊದಲು 14,100 ಟನ್ ಎಂದು ಕೇಳಿಬಂದ ಅಂದಾಜು ಬಳಿಕ 1,600 ಟನ್‌ಗೆ ಇಳಿಯಿತು. ಆ ಆಸೆಗಿಂತ ಕೈಗೆಟುಕುವ ಸಂಗತಿ ರಸ್ತೆಯದು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯಪಥದಲ್ಲಿ ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನೂ ಮೋಟಾರಿಲ್ಲದ ವಾಹನಗಳನ್ನೂ ನಿಷೇಧಿಸಲಾಯಿತು. ಅವೆಲ್ಲ ಈಗ ಸರ್ವಿಸ್ ರಸ್ತೆಗೆ, ಅಂದರೆ ಹೆದ್ದಾರಿಯ ಪಕ್ಕದ ಉಪರಸ್ತೆಗೆ, ಒಟ್ಟಾಗಿ ಇಳಿದಿವೆ. ಮಂಡ್ಯದಿಂದ 45 ಕಿಲೋಮೀಟರ್ ದೂರದ ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಸೈಕಲ್ ಬಾಡಿಗೆ ವ್ಯವಸ್ಥೆ ಆರಂಭವಾದರೂ ಅದು ಪಟ್ಟಣದ ಮಾದರಿ. ಗೇಟಿನಿಂದ ಹಳ್ಳಿಗೆ ಹೋಗುವವನಿಗೆ ಬೇಕಾದದ್ದು ಸರ್ವಿಸ್ ರಸ್ತೆಯ ಅಂಚಿನಲ್ಲಿ ಸೈಕಲ್ಲಿಗೆಂದು ಬಿಟ್ಟ ಪಟ್ಟಿ ಮತ್ತು ಗೇಟಿನಲ್ಲಿ ಬೀಗ ಹಾಕಿ ನಿಲ್ಲಿಸುವ ಜಾಗ. ತಯಾರಕರಿಂದ ಬೇಕಾದದ್ದು ಇನ್ನೂ ಸಾದಾ. ನಗರದ ಯುವಕರನ್ನು ನೆನೆದು ರೂಪಿಸಿದ, ಕ್ಯಾರಿಯರಿಲ್ಲದ, ಒಂಟಿಕಾಲಿನ ಸ್ಟ್ಯಾಂಡಿನ ವಿದ್ಯುತ್ ಸೈಕಲ್ಲು ಎಷ್ಟೇ ಚೆನ್ನಾಗಿ ಓಡಿದರೂ, ಎರಡು ಕ್ಯಾನು ಹಾಲನ್ನು ಡೈರಿಗೆ ಮುಟ್ಟಿಸಲಾರದೆಂಬ ಒಂದೇ ಕಾರಣಕ್ಕೆ, ಮಂಡ್ಯ ಸೀಮೆಯಲ್ಲಿ ಮೊಪೆಡ್ಡಿನ ಜಾಗವನ್ನು ತೆಗೆದುಕೊಳ್ಳಲಾರದು.