ಬಂಕಾಪುರ ಸೀಮೆಯ ರೈತರೂ ಅಮೇರಿಕದ ಹತ್ತಿಯೂ

ಬಂಕಾಪುರವೆಂದೊಡನೆ ಕನ್ನಡ ವಿದ್ವಾಂಸರ ಮನಸ್ಸು ರಾಷ್ಟ್ರಕೂಟರ ಕಾಲಕ್ಕೆ ಹರಿಯುವುದು ಸಹಜವೇ ಸರಿ. ಬಂಕೆಯರಸನ ಹೆಸರು, ಲೋಕಾದಿತ್ಯನ ಕಾಲದಲ್ಲಿ ಪೂಜೆಗೊಂಡ ಗುಣಭದ್ರರ ಉತ್ತರಪುರಾಣ, ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟ ಗಂಗ ಮಾರಸಿಂಹ, ಇವುಗಳಿಂದ ಆ ಊರು ನಮ್ಮ ಸಾಹಿತ್ಯಚರಿತ್ರೆಯಲ್ಲಿ ಸ್ಥಿರವಾಗಿ ನೆಲಸಿದೆ. ಇಪ್ಪತ್ತನೆಯ ಶತಮಾನದ ಬಂಕಾಪುರಕ್ಕೆ ಅಂತಹ ಶಾಸನಗಳಿಲ್ಲ. ಅದರ ಚರಿತ್ರೆಯನ್ನು ಕಂದಾಯದ ದಫ್ತರಗಳಲ್ಲಿಯೂ ಹುಬ್ಬಳ್ಳಿ ಪೇಟೆಯ ಧಾರಣೆಯಲ್ಲಿಯೂ ಅರಸಬೇಕಾಗುತ್ತದೆ.

ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿ ಬಂಕಾಪುರವೆಂಬುದು ತಾಲೂಕಿನ ಹೆಸರು, ಕಚೇರಿಯಿದ್ದುದು ಶಿಗ್ಗಾವಿಯಲ್ಲಿ. ಹಾಗೆಯೇ ಕೋಡ ತಾಲೂಕಿನ ಕಚೇರಿಯು ಹಿರೇಕೆರೂರಿನಲ್ಲಿತ್ತು. ನಡುವೆ ಸವಣೂರ ನವಾಬರ ಚಿಕ್ಕ ಸಂಸ್ಥಾನ. ಪಶ್ಚಿಮಕ್ಕೆ ಹಾನಗಲ್ಲ ಸೀಮೆಯಲ್ಲಿ ಕೆರೆಗಳ ಕೆಳಗೆ ಭತ್ತ; ಪೂರ್ವಕ್ಕೆ ಸರಿದಂತೆ ಎರೆಯ ಹೊಲ, ಜೋಳ ಮತ್ತು ಹತ್ತಿ. ಈ ಹತ್ತಿಯ ಮೂಲಕವೇ ಧಾರವಾಡದ ನೆಲಕ್ಕೂ ಅಮೇರಿಕಕ್ಕೂ ನಂಟು ಬೆಳೆಯಿತು. 1840ರ ಸುಮಾರಿಗೆ ಕಂಪನಿ ಸರಕಾರವು ಅಮೇರಿಕದ ತೋಟಗಾರರನ್ನು ಕರೆಯಿಸಿ, ಹುಬ್ಬಳ್ಳಿಯ ಬಳಿಯ ಕುಸುಗಲ್ಲಿನಲ್ಲಿ ನ್ಯೂ ಆರ್ಲಿಯನ್ಸ್ ಬೀಜವನ್ನು ಬಿತ್ತಿಸಿತು. ಇತರ ಪ್ರಾಂತಗಳಲ್ಲಿ ಸೋತ ಆ ಪ್ರಯೋಗವು ಇಲ್ಲಿ ಮಾತ್ರ ಬೇರುಬಿಟ್ಟಿತು. ವಿಲಾಯಿತಿ ಹತ್ತಿಯೆಂದು ಹೆಸರಾದ ಈ ಬೆಳೆಯು ವ್ಯಾಪಾರದಲ್ಲಿ ‘ಧಾರವಾಡ-ಅಮೇರಿಕನ್’ ಎಂಬ ಜೋಡುಹೆಸರನ್ನು ಪಡೆಯಿತು. 1861-65ರ ಅಮೇರಿಕದ ಅಂತರ್ಯುದ್ಧದಲ್ಲಿ ಅಲ್ಲಿಯ ಹತ್ತಿ ಹೊರಡದೆ ನಿಂತಾಗ ಧಾರವಾಡದ ರೈತನು ಒಮ್ಮೆ ಹಣವನ್ನು ಕಂಡನು. ಯುದ್ಧವು ಮುಗಿಯುತ್ತಲೇ ಬೆಲೆಯೂ ಇಳಿಯಿತು. ದೂರದೇಶದ ರಾಜಕಾರಣವು ತನ್ನ ಹೊಲದ ಬದುವಿಗೆ ಬಂದು ನಿಲ್ಲಬಲ್ಲುದೆಂಬುದರ ಮೊದಲನೆಯ ಪಾಠವು ಅದಾಗಿತ್ತು.

ಎರಡನೆಯ ಪಾಠವು ಹೆಚ್ಚು ಕಠಿಣವಾದುದು. 1929ರಲ್ಲಿ ಅಮೇರಿಕದ ರೈತನಿಗೆ ಒಂದು ಪೌಂಡು ಹತ್ತಿಗೆ ಸುಮಾರು 17 ಸೆಂಟು ದೊರೆಯುತ್ತಿದ್ದಿತು. 1931ರ ಬೆಳೆಗೆ ಆರು ಸೆಂಟೂ ದೊರೆಯಲಿಲ್ಲ. ನ್ಯೂಯಾರ್ಕ್, ಲಿವರ್‌ಪೂಲುಗಳ ಧಾರಣೆಯನ್ನು ಮುಂಬಯಿಯೂ, ಮುಂಬಯಿಯ ಧಾರಣೆಯನ್ನು ಹುಬ್ಬಳ್ಳಿಯೂ ಅನುಸರಿಸದೆ ಇರುವಂತಿರಲಿಲ್ಲ. ಕಾಳುಕಡಿಗಳ ಬೆಲೆಯೂ ಕುಸಿಯಿತು. ಆದರೆ ಮುಂಬಯಿ ಇಲಾಖೆಯ ರೈತವಾರಿ ಪದ್ಧತಿಯಲ್ಲಿ ಭೂಕಂದಾಯವು ಮೂವತ್ತು ವರ್ಷಗಳಿಗೊಮ್ಮೆ ನಾಣ್ಯದಲ್ಲಿಯೇ ಗೊತ್ತಾದ ಮೊತ್ತ. ಬೆಲೆಯು ಮೂರರಲ್ಲಿ ಒಂದು ಪಾಲಿಗೆ ಇಳಿದರೆ, ಅದೇ ಕಂದಾಯವನ್ನು ತೆರಲು ಮೂರು ಪಾಲು ಹತ್ತಿಯನ್ನು ಮಾರಬೇಕು. 1927ರಲ್ಲಿ ರೂಪಾಯಿಗೆ 18 ಪೆನ್ಸೆಂದು ವಿನಿಮಯವನ್ನು ಕಟ್ಟಿದುದರಿಂದ ಹೊರದೇಶಕ್ಕೆ ಮಾರುವವನ ಕೈಗೆ ಬರುವ ರೂಪಾಯಿಗಳು ಮೊದಲೇ ಕಡಿಮೆಯಾಗಿದ್ದವು. 1931ರ ಸೆಪ್ಟೆಂಬರದಲ್ಲಿ ಇಂಗ್ಲಂಡವು ಸುವರ್ಣಮಾನವನ್ನು ಬಿಟ್ಟ ಬಳಿಕ ಹಿಂದುಸ್ಥಾನದ ಹಳ್ಳಿಗಳಿಂದ ಬಂಗಾರವು ಹೊರದೇಶಕ್ಕೆ ಹರಿಯತೊಡಗಿತು. ಅದರಲ್ಲಿ ಎಷ್ಟೋ ಪಾಲು ಹೆಂಗಸರ ಮೈಮೇಲಿನ ಒಡವೆಯೆಂಬುದನ್ನು ವ್ಯಾಪಾರದ ಅಂಕಿಗಳು ಹೇಳುವುದಿಲ್ಲ.

1930ರಿಂದ 1932ರ ವರೆಗಿನ ಕಾನೂನುಭಂಗದ ಕಾಲದಲ್ಲಿ ಕರ್ನಾಟಕದ ಕರನಿರಾಕರಣೆಯು ಅಂಕೋಲೆ, ಸಿದ್ದಾಪುರಗಳಂತೆ ಹಿರೇಕೆರೂರ ತಾಲೂಕಿನಲ್ಲಿಯೂ ನಡೆಯಿತು. ಕರೆಯು ಕಾಂಗ್ರೆಸ್ಸಿನದು, ಗುರಿಯು ಸ್ವರಾಜ್ಯ. ಚಳವಳಿಯನ್ನು ಬರಿಯ ಬೆಲೆಯಿಳಿತದ ಫಲವೆಂದು ಬಗೆಯುವುದು ಆ ಜನರಿಗೆ ಮಾಡುವ ಅನ್ಯಾಯವಾದೀತು. ಆದರೂ ಕಂದಾಯವೇ ಹೋರಾಟದ ನೆಲೆಯಾದುದಕ್ಕೆ ಬೆಲೆಯಿಳಿತದ ಸಂಬಂಧವಿಲ್ಲವೆಂದು ಹೇಳಲಾಗದು. 1879ರ ಭೂಕಂದಾಯದ ಕಾಯದೆಯಂತೆ ಬಾಕಿದಾರನ ಜಮೀನು ಜಪ್ತಾಗಿ ಲಿಲಾವಿಗೆ ಬರುತ್ತಿದ್ದಿತು. ಲಿಲಾವಿಗೆ ಕೂಗುವವನೇ ಇಲ್ಲವಾದರೆ ಕಾಯದೆಯ ಬಲವು ಅರ್ಧ ಉಡುಗಿಹೋಗುತ್ತದೆ. ಆದುದರಿಂದ ಚಳವಳಿಯ ಹುರುಳೆಲ್ಲ, ನೆರೆಯವನ ಹೊಲವನ್ನು ನೆರೆಯವನು ಕೊಳ್ಳದಿರುವನೇ ಎಂಬ ಒಂದು ಪ್ರಶ್ನೆಯಲ್ಲಿ ಅಡಗಿದ್ದಿತು. ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ ಹೆಂಗಸರು ಕೊಂಡವರ ಮನೆಯ ಮುಂದೆ ಸತ್ಯಾಗ್ರಹ ಹೂಡಿದುದು ಈ ಪ್ರಶ್ನೆಗಾಗಿಯೇ.

ವಿಸ್ಮಯದ ಸಂಗತಿಯೆಂದರೆ, ಅದೇ ವೇಳೆಗೆ ಅಮೇರಿಕದ ರೈತರೂ ಇದೇ ಉಪಾಯವನ್ನು ಹಿಡಿದರು. 1932ರ ಮೇ ತಿಂಗಳಲ್ಲಿ ಅಯೋವಾ ಸಂಸ್ಥಾನದಲ್ಲಿ ಮೈಲೋ ರೆನೋ ಎಂಬಾತನ ಮುಂದಾಳುತನದಲ್ಲಿ ರೈತರ ಸಂಘವೊಂದು ಹುಟ್ಟಿ, ಮಾಲನ್ನು ಪೇಟೆಗೆ ಒಯ್ಯಬಾರದೆಂದು ದಾರಿಗಳನ್ನು ತಡೆಯಿತು. ಆ ಚಳಿಗಾಲದಲ್ಲಿ ಒತ್ತೆಯ ಸಾಲಕ್ಕಾಗಿ ಲಿಲಾವು ನಡೆದ ಕಡೆಗಳಲ್ಲಿ ನೆರೆಹೊರೆಯವರು ನೆರೆದು, ಹೊರಗಿನವರನ್ನು ಕೂಗಗೊಡದೆ, ದನಕರು ನೇಗಿಲುಗಳನ್ನು ಕೆಲವೇ ಸೆಂಟುಗಳಿಗೆ ತಾವೇ ಹಿಡಿದು ಮೊದಲಿನ ಒಡೆಯನಿಗೆ ಮರಳಿಸಿದರು. ಅವರದು ಜೋಳ ಹಂದಿಗಳ ಸೀಮೆ, ಹತ್ತಿಯದಲ್ಲ. ಅವರು ಅಹಿಂಸೆಯ ವ್ರತವನ್ನು ತೊಟ್ಟವರೂ ಅಲ್ಲ. 1933ರ ಏಪ್ರಿಲಿನಲ್ಲಿ ಲ ಮಾರ್ಸ್ ಎಂಬ ಊರಲ್ಲಿ ನ್ಯಾಯಾಧೀಶನೊಬ್ಬನನ್ನು ಕೋರ್ಟಿನಿಂದ ಎಳೆದೊಯ್ದು ಹಿಂಸಿಸಿದುದೂ ಉಂಟು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಿಳಿದಿದ್ದಿತೆಂದು ಊಹಿಸಲು ಆಧಾರವಿಲ್ಲ; ಕಷ್ಟವೇ ಇಬ್ಬರಿಗೂ ಒಂದೇ ಪಾಠವನ್ನು ಕಲಿಸಿತು.

ಭೇದವಿರುವುದು ಮುಂದಿನ ಕಥೆಯಲ್ಲಿ. 1913ರಿಂದ ಸೆನೇಟಿನ ಸದಸ್ಯರನ್ನೂ ನೇರಾಗಿ ಆರಿಸುತ್ತಿದ್ದ, 1920ರಿಂದ ಹೆಂಗಸರೂ ಮತಕೊಡುತ್ತಿದ್ದ ಆ ದೇಶದಲ್ಲಿ ರೈತರ ಸಿಟ್ಟು ಬೇಗನೆ ಕಾಯದೆಯಾಯಿತು. 1933ರಲ್ಲಿಯೇ ಮಿನೆಸೋಟಾ ಸಂಸ್ಥಾನವು ಒತ್ತೆಯ ಜಮೀನುಗಳ ವಸೂಲಿಯನ್ನು ಮುಂದೂಡಿತು. ಮರುವರ್ಷ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಹಿರೇಕೆರೂರ ರೈತನಿಗೆ ಅಂತಹ ಸಾಧನವಿರಲಿಲ್ಲ. 1919ರ ಸುಧಾರಣೆಯಿಂದ ಬಂದ ಮತದ ಹಕ್ಕು ಹಳ್ಳಿಗಳಲ್ಲಿ ಮುಖ್ಯವಾಗಿ ಕಂದಾಯದ ಮೊತ್ತವನ್ನೇ ಅವಲಂಬಿಸಿದ್ದಿತು. ಕಂದಾಯವೆಂಬುದು ಮಾತ್ರ ಆಯ್ದುಬಂದ ಮಂತ್ರಿಗಳ ಕೈಗೆ ಸೇರದ ಖಾತೆಯಾಗಿದ್ದಿತು. 1937ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲವು ಬಂದ ಮೇಲೆ, 1938ರ ಕಾಯದೆಯಿಂದಲೇ ಚಳವಳಿಯಲ್ಲಿ ಜಪ್ತಾದ ಜಮೀನುಗಳನ್ನು ಮರಳಿಸುವ ಏರ್ಪಾಡಾಯಿತು.

ಇಲ್ಲಿ ಇನ್ನೊಂದು ಮಾತನ್ನು ಮರೆಯಲಾಗದು. ಕಂದಾಯ ಕೊಡಬೇಕಾದವನೇ ಕಂದಾಯವನ್ನು ನಿರಾಕರಿಸಬಲ್ಲನು. ಖಾತೆಯಿಲ್ಲದ ಗೇಣಿದಾರನಿಗೂ ಕೂಲಿಯವನಿಗೂ ಕಳೆದುಕೊಳ್ಳಲು ಜಮೀನಿರಲಿಲ್ಲ, ಮರಳಿ ಪಡೆಯಲೂ ಇರಲಿಲ್ಲ. ಅಮೇರಿಕದ ಹತ್ತಿಯ ಸೀಮೆಯಲ್ಲಿಯೂ ಹೀಗೆಯೇ. 1933ರಲ್ಲಿ ಬೆಲೆಯೇರಿಸಲೆಂದು ಅಲ್ಲಿಯ ಸರಕಾರವು ನಿಂತ ಹತ್ತಿಯ ಬೆಳೆಯನ್ನೇ ಹೂಡಿಸಿ ಹಣ ಕೊಟ್ಟಾಗ, ಬಹುಪಾಲು ಒಡೆಯರ ಕೈಸೇರಿತು. ಅದನ್ನು ಕಂಡು 1934ರಲ್ಲಿ ಅರ್ಕಾನ್ಸಾಸಿನ ಕರಿಯ ಬಿಳಿಯ ಗೇಣಿದಾರರು ಕೂಡಿ ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಬಂಕಾಪುರ ಸೀಮೆಯ ಗೇಣಿದಾರನಿಗೆ ಅನ್ವಯಿಸುವ ಮುಂಬಯಿಯ ವಿಸ್ತಾರವಾದ ಗೇಣಿಯ ಕಾಯದೆಯು ಬಂದುದು 1948ರಲ್ಲಿ. ಸವಣೂರ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾದುದೂ ಅದೇ ವರ್ಷ.